ಮಗಳ ಆಟ ನೋಡಲು ಹಡಗು ಹತ್ತಿದೆವು: ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಹೇಗಿತ್ತು

ಹಡಗಿನ ಹೆಸರು, ಕಂಪನಿಯ ಹೆಸರು ಎರಡನ್ನೂ ಇಲ್ಲಿ ಬರೆಯುತ್ತಿಲ್ಲ. ನನ್ನ ಮಗಳು ಅದೇ ಹಡಗಿನಲ್ಲಿ ಕೆಲಸ ಮಾಡುತ್ತಾಳೆ, ನಾನು ಬರೆದದ್ದರಿಂದ ಅವಳಿಗೆ ಒಂದು ಮಾತು ಬರಬಾರದು. ಉಳಿದದ್ದೆಲ್ಲ ಕಂಡ ಹಾಗೆ, ಕೊಟ್ಟ ದುಡ್ಡಿನ ಸಮೇತ ಬರೆಯುತ್ತೇನೆ. ಮಕ್ಕಳು ಹಡಗಿನಲ್ಲಿ ಕುಣಿಯುತ್ತಾರೆ, ಹಾಡುತ್ತಾರೆ, ಗಿಟಾರ್ ನುಡಿಸುತ್ತಾರೆ ಅನ್ನುವ ತಂದೆ-ತಾಯಿ ನಮ್ಮಲ್ಲೂ ಈಗ ಇದ್ದಾರೆ. ಅವರಿಗೆ ಉಪಯೋಗವಾಗಲಿ.

ನಮ್ಮದು ಹುಬ್ಬಳ್ಳಿ. ನಾನು ಮೂವತ್ತು ವರ್ಷದಿಂದ ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಮಗಳು ಒಂಬತ್ತು ವರ್ಷದವಳಿದ್ದಾಗ ಮಲ್ಲಕಂಬ ಕಲಿಯಲು ಹೋದಳು. ಗದಗ, ಬಾಗಲಕೋಟೆ ಕಡೆಯವರಿಗೆ ಮಲ್ಲಕಂಬ ಅಂದರೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಒಂದು ಮಾತು. ಹುಡುಗರು ಹರಳೆಣ್ಣೆ ಸವರಿದ ತೇಗದ ಕಂಬದ ಮೇಲೆ ಕಸರತ್ತು ಮಾಡುತ್ತಾರೆ. ಹುಡುಗಿಯರು ಹೆಚ್ಚಾಗಿ ಮೇಲಿನಿಂದ ಇಳಿಬಿಟ್ಟ ಹತ್ತಿಯ ಹಗ್ಗದ ಮೇಲೆ ಮಾಡುತ್ತಾರೆ. ಹಗ್ಗಕ್ಕೆ ಗಂಟು ಹಾಕುವ ಹಾಗಿಲ್ಲ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಹಿಡಿದು ಮೇಲೇರಬೇಕು. ಸೊಂಟ, ತೊಡೆ, ಮೊಣಕಾಲ ಹಿಂದೆ ಸುತ್ತಿಕೊಂಡು ಆಸನ ಹಾಕಬೇಕು. ಆ ಜಾಗದ ಚರ್ಮ ಸುಲಿದು ಸುಲಿದು ಗಟ್ಟಿಯಾಗುತ್ತದೆ. ಎಷ್ಟೋ ರಾತ್ರಿ ಅವಳ ಮೊಣಕಾಲ ಹಿಂದೆ ಕೊಬ್ಬರಿ ಎಣ್ಣೆ ಹಚ್ಚಿದ್ದು ನಾನೇ.

ಅದೇ ಹಗ್ಗ ಅವಳನ್ನು ಹಡಗಿಗೆ ಕರೆದುಕೊಂಡು ಹೋಯಿತು. ಅಲ್ಲಿ ಅದಕ್ಕೆ ಏರಿಯಲ್ ಸಿಲ್ಕ್ ಅನ್ನುತ್ತಾರೆ. ಹಗ್ಗದ ಬದಲು ಎರಡು ಉದ್ದನೆಯ ಬಟ್ಟೆ, ಮೇಲೆ ಮೋಟಾರ್, ಕೆಳಗೆ ಮೆತ್ತೆ ಇಲ್ಲ. ಇದು ಅವಳ ಎರಡನೇ ಕಾಂಟ್ರಾಕ್ಟ್. ಮೊದಲ ಕಾಂಟ್ರಾಕ್ಟ್ ಎಂಟು ತಿಂಗಳು. ಆಗ ಅವಳ ಆಟವನ್ನು ಫೋನಿನಲ್ಲಿ, ಅದೂ ಯಾರೋ ಪ್ರೇಕ್ಷಕರು ತೆಗೆದ ಅಲುಗಾಡುವ ವಿಡಿಯೋದಲ್ಲಿ ನೋಡಿದ್ದು ಬಿಟ್ಟರೆ ಬೇರೆ ಇಲ್ಲ. ಈ ಸಲ ಹಡಗು ಸಿಂಗಾಪುರಕ್ಕೆ ಬಂದಿದೆ ಅಂತ ಗೊತ್ತಾದ ದಿನವೇ ನಮ್ಮ ಮನೆಯವರು "ಹೋಗೋಣ" ಅಂದರು.

ಈಗ ಪ್ರವಾಸದ ಲೆಕ್ಕ. ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ, ಒಂದು ಹಗಲು ಪೂರ್ತಿ ಸಮುದ್ರದಲ್ಲೇ ಇದ್ದು, ಐದನೇ ದಿನ ಬೆಳಗ್ಗೆ ಮತ್ತೆ ಸಿಂಗಾಪುರ. ಜುಲೈ ತಿಂಗಳು. ಬಾಲ್ಕನಿ ಇರುವ ಕೋಣೆಗೆ ಇಬ್ಬರಿಗೂ ಸೇರಿ ಸುಮಾರು 78 ಸಾವಿರ ರೂಪಾಯಿ ಆಯಿತು. ಇದು ಕೆಲಸಗಾರರ ಮನೆಯವರಿಗೆ ಕೊಡುವ ದರ. ಮಾಮೂಲಿ ದರ ಇದಕ್ಕಿಂತ ಚೆನ್ನಾಗಿಯೇ ಜಾಸ್ತಿ ಇತ್ತು. ಆದರೆ ಈ ದರ ಕೇಳಿದ ಕೂಡಲೇ ಸಿಗುವುದಿಲ್ಲ. ಕೋಣೆ ಖಾಲಿ ಉಳಿದಿದ್ದರೆ ಮಾತ್ರ ಕೊಡುತ್ತಾರೆ, ಅರ್ಜಿಯನ್ನೂ ಮಗಳೇ ಒಳಗಿನಿಂದ ಹಾಕಬೇಕು. ನಮಗೆ ಖಾತ್ರಿಯಾಗಿದ್ದು ಹೊರಡುವ 24 ದಿನ ಮುಂಚೆ. ಅಷ್ಟರಲ್ಲಿ ವಿಮಾನದ ಟಿಕೆಟ್ ಏರಿತ್ತು. ಮನೆಯವರ ದರ ನಂಬಿ ಹೋಗುವವರು ಈ ಏರಿಕೆಯನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಮೇಲಿನ ಖರ್ಚು ಬೇರೆ. ಟಿಪ್ಸ್ ಅಂತ ತಲೆಗೆ ದಿನಕ್ಕೆ ಹದಿನೆಂಟು ಡಾಲರ್ ಚಿಲ್ಲರೆ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ವೈಫೈ ಒಂದು ಫೋನಿಗೆ ದಿನಕ್ಕೆ 20 ಡಾಲರ್ ಹತ್ತಿರ. ನಾವು ಒಂದೇ ಫೋನಿಗೆ ಹಾಕಿಸಿಕೊಂಡೆವು. ನೀರು, ಟೀ, ಕಾಫಿ, ಬಫೆ ಊಟ, ಎಲ್ಲ ಶೋಗಳು ಟಿಕೆಟ್ಟಿನಲ್ಲೇ ಬಂತು. ಸಿಂಗಾಪುರದ ವೀಸಾ ಮಾಡಿಸುವಾಗ ಮಲ್ಟಿಪಲ್ ಎಂಟ್ರಿ ಇದೆಯೇ ಅಂತ ನೋಡಿಕೊಳ್ಳಿ. ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ, ವಾಪಸ್ ಬರುವಾಗ ಎರಡನೇ ಸಲ ಒಳಗೆ ಬಿಟ್ಟ ಹಾಗೆ. ನಮ್ಮ ಏಜೆಂಟ್ ಇದನ್ನು ಹೇಳಲೇ ಇಲ್ಲ, ಮಗಳು ಹೇಳಿದಳು.

ಬೆಂಗಳೂರಿನಿಂದ ಸಿಂಗಾಪುರಕ್ಕೆ ನಾಲ್ಕೂವರೆ ತಾಸು. ಮರೀನಾ ಸೌತ್ ಪಿಯರ್ ಅನ್ನುವ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಹಡಗುಕಟ್ಟೆ ಹತ್ತಿರ, ಪೆಟ್ಟಿಗೆ ಎಳೆದುಕೊಂಡು ನಡೆದೇ ಹೋದೆವು. ಒಳಗೆ ಸಾಲು ದೊಡ್ಡದು, ಆದರೆ ಬೇಗ ಸಾಗಿತು. ಮಧ್ಯಾಹ್ನ ಒಂದೂವರೆಗೆ ಹಡಗಿನಲ್ಲಿದ್ದೆವು.

ಮನೆಯಲ್ಲಿ ಮಾಡಿದ ತಿಂಡಿ ಒಯ್ಯುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಈ ಹಡಗಿನಲ್ಲಿ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಬಿಡುತ್ತಾರೆ. ಅದಕ್ಕೇ ದುರ್ಗದಬೈಲಿನಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಪೇಡೆ ಮೂರನ್ನೂ ಪ್ಯಾಕ್ ಆದದ್ದೇ ತೆಗೆದುಕೊಂಡೆ. ತಪಾಸಣೆಯಲ್ಲಿ ಒಂದೊಂದನ್ನೂ ತಿರುಗಿಸಿ ನೋಡಿ ಬಿಟ್ಟರು. ರೊಟ್ಟಿ ಮಾತ್ರ ಅರ್ಧಕ್ಕರ್ಧ ಪುಡಿಯಾಗಿತ್ತು. ಪುಡಿಯನ್ನೂ ಮಗಳು ಮೊಸರಲ್ಲಿ ಕಲೆಸಿಕೊಂಡು ತಿಂದಳಂತೆ.

ಏಳು ತಿಂಗಳ ಮೇಲೆ ಮಗಳನ್ನು ನೋಡಿದ್ದು ಹೇಗೆ ಅಂತ ಹೇಳಬೇಕು. ಹಡಗು ಬಿಡುವ ಮುಂಚೆ ಎಲ್ಲ ಪ್ರಯಾಣಿಕರೂ ಒಂದು ಸಲ ತಮಗೆ ಗೊತ್ತು ಮಾಡಿದ ಜಾಗಕ್ಕೆ ಹೋಗಬೇಕು. ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುವುದಕ್ಕೆ. ಮಸ್ಟರ್ ಡ್ರಿಲ್ ಅನ್ನುತ್ತಾರೆ. ನಾಲ್ಕನೇ ಡೆಕ್ಕಿನಲ್ಲಿ, ಲೈಫ್‌ಬೋಟಿನ ಕೆಳಗೆ, ಹಳದಿ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಯಂತ್ರ ಹಿಡಿದು ಒಬ್ಬೊಬ್ಬರ ಕಾರ್ಡನ್ನೇ ಒತ್ತಿ ನೋಡುತ್ತಿದ್ದ ಹುಡುಗಿ ನಮ್ಮ ಮಗಳು. ನಾನು ಕೈ ಚಾಚಿದೆ. ಅವಳು ಕಾರ್ಡ್ ತೆಗೆದುಕೊಂಡಳು, ಒತ್ತಿದಳು, ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ಆಮೇಲೆ ಕಾರ್ಡ್ ವಾಪಸ್ ಕೊಡುವಾಗ ತಲೆ ತಗ್ಗಿಸಿ, "ಊಟ ಆತೇನವ್ವಾ?" ಅಂದಳು. ಹಿಂದೆ ಸಾಲು ಇತ್ತು. ನಾವು ಮುಂದೆ ಸರಿದೆವು.

ಅಲ್ಲಿಯವರೆಗೆ ನನಗೆ ಇದು ಗೊತ್ತಿರಲಿಲ್ಲ. ಕಲಾವಿದರು ಅಂದರೆ ಸಂಜೆ ಬಣ್ಣ ಹಚ್ಚಿಕೊಂಡು ಆಡುವುದು ಮಾತ್ರ ಅಂತ ತಿಳಿದಿದ್ದೆ. ಹಡಗಿನಲ್ಲಿ ಹಾಗಿಲ್ಲ. ಬೆಂಕಿ ಹತ್ತಿದರೆ ಏನು ಮಾಡಬೇಕು, ನೀರಿಗೆ ಬಿದ್ದರೆ ಹೇಗೆ ಉಳಿಯಬೇಕು, ಗಾಬರಿಯಾದ ಜನರನ್ನು ಹೇಗೆ ಸಾಲಾಗಿ ಕರೆದೊಯ್ಯಬೇಕು, ಇದೆಲ್ಲ ಕಲಿತೇ ಹೋಗಬೇಕು. ಎಸ್‌ಟಿಸಿಡಬ್ಲ್ಯು ಅಂತ ಕೋರ್ಸ್. ಅವಳು ಮುಂಬೈಯಲ್ಲಿ ಅದನ್ನು ಮಾಡುವಾಗ ಈಜುಕೊಳದಲ್ಲಿ ಲೈಫ್‌ಜಾಕೆಟ್ ಹಾಕಿಕೊಂಡು ಮೇಲಿನಿಂದ ಜಿಗಿದ ಫೋಟೋ ಕಳಿಸಿದ್ದಳು. ನಾನು ಆಗ ಸುಮ್ನೆ ತಮಾಷೆಗೆ ತೆಗೆಸಿಕೊಂಡದ್ದು ಅಂದುಕೊಂಡಿದ್ದೆ.

ಕೋಣೆ ಚೆನ್ನಾಗಿತ್ತು. ಚಿಕ್ಕದು, ಅಚ್ಚುಕಟ್ಟು. ಬಾಲ್ಕನಿಗೆ ಕೊಟ್ಟ ದುಡ್ಡು ಮೊದಲ ಸಂಜೆಯೇ ಸಾರ್ಥಕವಾಯಿತು ಅನಿಸಿತು, ಎರಡನೇ ದಿನದಿಂದ ಅಷ್ಟು ಕೂತುಕೊಳ್ಳಲಿಲ್ಲ. ಸ್ನಾನದ ಕೋಣೆ ಇಕ್ಕಟ್ಟು, ಬಕೆಟ್ ಇಲ್ಲ, ವಯಸ್ಸಾದವರಿಗೆ ಕಷ್ಟ. ಕೋಣೆಯ ಹುಡುಗ ಇಂಡೋನೇಷ್ಯಾದವನು, ದಿನಕ್ಕೆ ಎರಡು ಸಲ ಬಂದು ಸರಿ ಮಾಡಿ ಹೋಗುತ್ತಿದ್ದ. ಅವನಿಗೆ ಊರಲ್ಲಿ ಮೂರು ವರ್ಷದ ಮಗಳಿದ್ದಾಳೆ ಅಂತ ಹೇಳಿದ. ಬಿಲ್ಲಿನ ಟಿಪ್ಸ್ ಬಿಟ್ಟು ಅವನ ಕೈಗೆ ಬೇರೆ ಕೊಟ್ಟು ಬಂದೆವು.

ಊಟ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಬಫೆಯಲ್ಲಿ ದಿನವೂ ಅನ್ನ, ದಾಲ್, ಒಂದು ಪನೀರ್, ಒಂದು ಪಲ್ಯ, ಚಪಾತಿ ಇತ್ತು. ಬೆಳಗ್ಗೆ ಇಡ್ಲಿ ಎರಡು ದಿನ ಇತ್ತು, ಸಾಂಬಾರ್ ಸಿಹಿ. ಕೂತು ಊಟ ಮಾಡುವ ಹಾಲಿನಲ್ಲಿ ಉಡುಪಿ ಕಡೆಯ ಹುಡುಗನೊಬ್ಬ ನಮ್ಮ ಮಾತು ಕೇಳಿ ತಾನೇ ಬಂದು ಕನ್ನಡದಲ್ಲಿ ಮಾತಾಡಿಸಿದ. ನಾಳೆಗೆ ಏನು ಬೇಕು ಇವತ್ತೇ ಹೇಳಿ ಅಂದ. ಬದನೆಕಾಯಿ ಪಲ್ಯ ಕೇಳಿದೆ. ಎಣ್ಣೆಗಾಯಿಯ ಹಾಗೆ ಅಲ್ಲದಿದ್ದರೂ ಖಾರ ಹಾಕಿ ಮಾಡಿಸಿ ತಂದುಕೊಟ್ಟ. ಊಟಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಅದರಲ್ಲಿ ಅರ್ಧ ಆ ಹುಡುಗನದು.

ಎರಡನೇ ದಿನ ಮಧ್ಯಾಹ್ನ ಪೆನಾಂಗ್. ಹಡಗು ಸ್ವೆಟ್ಟನ್‌ಹ್ಯಾಮ್ ಪಿಯರ್ ಅನ್ನುವ ಕಟ್ಟೆಗೇ ಬಂದು ನಿಲ್ಲುತ್ತದೆ, ಇಳಿದರೆ ಜಾರ್ಜ್ ಟೌನ್ ಊರೊಳಗೇ ಇರುತ್ತೀರಿ. ಟ್ಯಾಕ್ಸಿ ಬೇಡ, ಟೂರ್ ಬೇಡ. ಹಡಗಿನವರು ಮಾರುವ ಬಸ್ ಟೂರಿಗೆ ದುಡ್ಡು ಕೊಡುವ ಅವಶ್ಯಕತೆ ಖಂಡಿತ ಇಲ್ಲ. ಮಗಳಿಗೆ ಮೂರು ತಾಸು ಬಿಡುವಿತ್ತು, ನಮ್ಮ ಜೊತೆ ಬಂದಳು. ನಾಲ್ಕು ದಿನದಲ್ಲಿ ಅವಳು ನಮಗೆ ಒಟ್ಟಿಗೆ ಅಷ್ಟು ಹೊತ್ತು ಸಿಕ್ಕಿದ್ದು ಅದೊಂದೇ ಸಲ. ಲಿಟ್ಲ್ ಇಂಡಿಯಾದಲ್ಲಿ ಹೂವಿನ ಅಂಗಡಿ, ಬಾಳೆಲೆ ಊಟ, ತಮಿಳು ಹಾಡು. ಕ್ವೀನ್ ಸ್ಟ್ರೀಟಿನಲ್ಲಿ ಮಹಾಮಾರಿಯಮ್ಮನ ಗುಡಿ ಇದೆ, 1833ರಲ್ಲಿ ಕಟ್ಟಿದ್ದು. ಅಮ್ಮನ ಮುಂದೆ ಕಣ್ಣು ಮುಚ್ಚಿ ನಿಂತ ಮಗಳ ಕೈ ನೋಡಿದೆ. ಅಂಗೈ ನನ್ನ ಅಂಗೈಗಿಂತ ಒರಟು. ನನ್ನದು ಕತ್ತರಿ ಹಿಡಿದು ಆದದ್ದು, ಹೆಬ್ಬೆರಳ ಬುಡದಲ್ಲಿ ಒಂದೇ ಗಂಟು. ಅವಳದು ಪ್ರತಿ ಬೆರಳಿನ ಬುಡದಲ್ಲಿ ಒಂದೊಂದು. ಕಿತ್ತು ಹೋಗಬಾರದು ಅಂತ ಅದನ್ನು ಕಲ್ಲಿನಿಂದ ಉಜ್ಜಿ ಸಮ ಮಾಡಿಕೊಳ್ಳುತ್ತಾಳಂತೆ, ವಾರಕ್ಕೆರಡು ಸಲ. ಮುಂದಿನ ಸಲ ಪಾರ್ಸೆಲ್ಲಿನಲ್ಲಿ ಒಳ್ಳೆ ಕಾಲುಜ್ಜುವ ಕಲ್ಲು ಕಳಿಸಬೇಕು ಅಂತ ಅಲ್ಲೇ ನೆನಪಿಟ್ಟುಕೊಂಡೆ.

ಕೆಲಸಗಾರರು ಪ್ರಯಾಣಿಕರಿಗಿಂತ ಮುಂಚೆಯೇ ಹಡಗಿಗೆ ವಾಪಸ್ ಆಗಬೇಕು. ನಾವು ಇನ್ನೂ ಕಾಫಿ ಕುಡಿಯುವಾಗ ಅವಳು ಗಡಿಯಾರ ನೋಡಿ ಎದ್ದುಬಿಟ್ಟಳು.

ಈ ಪ್ರವಾಸದ ದೊಡ್ಡ ಕೊರತೆ ಅಂದರೆ ಇದೇ. ಮನೆಯವರ ದರ ಅಂತ ಟಿಕೆಟ್ ಕೊಡುತ್ತಾರೆ, ಹಡಗು ಹತ್ತಿದ ಮೇಲೆ ಮನೆಯವರು ಅಂತ ಏನೂ ವ್ಯವಸ್ಥೆ ಇಲ್ಲ. ಅವಳು ಇರುವ ಜಾಗಕ್ಕೆ ನಾವು ಹೋಗುವ ಹಾಗಿಲ್ಲ. ಅವಳು ನಮ್ಮ ಕೋಣೆಗೆ ಬರುವ ಹಾಗಿಲ್ಲ. ಕಲಾವಿದರಿಗೆ ಪ್ರಯಾಣಿಕರ ಡೆಕ್ಕುಗಳಲ್ಲಿ ಓಡಾಡಲು ಅನುಮತಿ ಇದೆ, ಹೆಸರಿನ ಬಿಲ್ಲೆ ಹಾಕಿಕೊಂಡು, ಅಚ್ಚುಕಟ್ಟಾಗಿ ಉಡುಪು ತೊಟ್ಟು, ಕುರ್ಚಿ ಖಾಲಿ ಇದ್ದರೆ ಮಾತ್ರ ಕೂತು. ನಿಯಮ ಯಾಕೆ ಅಂತ ಅರ್ಥವಾಗುತ್ತದೆ, ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆ. ಆದರೆ ಮನೆಯವರು ಬಂದಾಗ ಒಂದು ಹೊತ್ತಿನ ಊಟ ಒಂದೇ ಮೇಜಿನಲ್ಲಿ ಮಾಡಲು ಅವಕಾಶ ಮಾಡಿಕೊಡುವುದು ಅಷ್ಟು ಕಷ್ಟವೇ? ಮಗಳು ಎರಡು ವಾರ ಮುಂಚೆ ಬರೆದು ಕೇಳಿದ್ದಕ್ಕೆ ಕೆಲಸಗಾರರ ಊಟದ ಮನೆಗೆ ಒಂದು ತಾಸು ಕರೆದುಕೊಂಡು ಹೋಗಲು ಒಪ್ಪಿದರು. ಕೇಳದಿದ್ದರೆ ಅದೂ ಇಲ್ಲ. ನೀವು ಹೋಗುವುದಾದರೆ ಮಕ್ಕಳಿಗೆ ಮೊದಲೇ ಹೇಳಿ ಅರ್ಜಿ ಹಾಕಿಸಿ.

ಆ ಒಂದು ತಾಸು ಮಾತ್ರ ನಾನು ಮರೆಯುವುದಿಲ್ಲ. ಪ್ರಯಾಣಿಕರ ಕಡೆಯ ಕಾರ್ಪೆಟ್ಟು, ದೀಪ, ಸುವಾಸನೆ ಎಲ್ಲ ಒಂದು ಬಾಗಿಲಿಗೆ ಮುಗಿಯುತ್ತದೆ. ಬಾಗಿಲ ಆಚೆ ಬಿಳಿ ಬಣ್ಣ ಬಳಿದ ಉಕ್ಕಿನ ಗೋಡೆ, ಟ್ಯೂಬ್‌ಲೈಟು, ಹಡಗಿನ ಉದ್ದಕ್ಕೂ ನೇರ ಹೋಗುವ ಒಂದು ದಾರಿ. ಅದಕ್ಕೆ ಅವರೆಲ್ಲ ಐ-95 ಅನ್ನುತ್ತಾರೆ, ಅಮೆರಿಕದ ದೊಡ್ಡ ಹೆದ್ದಾರಿಯ ಹೆಸರು. ತರಕಾರಿ ಗಾಡಿ, ಹಾಸಿಗೆ ಬಟ್ಟೆಯ ರಾಶಿ, ಅಡುಗೆಯವರು, ಬಣ್ಣ ಹಚ್ಚಿದ ಅರ್ಧ ಮುಖದ ನರ್ತಕಿ, ಎಲ್ಲ ಅದೇ ದಾರಿಯಲ್ಲಿ. ಊಟದ ಮನೆಯಲ್ಲಿ ಅನ್ನದ ಪಾತ್ರೆ ದೊಡ್ಡದಿತ್ತು, ನೋಡಿ ಸಮಾಧಾನವಾಯಿತು.

ಮಲಗುವ ಕೋಣೆ ತೋರಿಸಲು ಬಿಡಲಿಲ್ಲ. ಅದು ನೀರಿನ ಮಟ್ಟಕ್ಕಿಂತ ಕೆಳಗಿದೆ, ಕಿಟಕಿ ಇಲ್ಲ, ಮೇಲೊಂದು ಕೆಳಗೊಂದು ಹಾಸಿಗೆ, ಇಬ್ಬರಿಗೆ. ಮೇಲಿನದು ಅವಳದು. ಮೊದಲ ಕಾಂಟ್ರಾಕ್ಟಿನಲ್ಲಿ ಸಾಮಾನು ಇಡಲು ಜಾಗವಿಲ್ಲ ಅಂತ ಅತ್ತಿದ್ದಳು. ಗೋಡೆ ಉಕ್ಕಿನದಲ್ಲವೇ, ಮ್ಯಾಗ್ನೆಟ್ ಅಂಟುತ್ತದೆ ಅಂತ ಅವಳ ಜೊತೆಯ ಹುಡುಗಿ ಹೇಳಿಕೊಟ್ಟಳಂತೆ. ಆಗ ನಾನು ದಪ್ಪ ಕ್ಯಾನ್ವಾಸಿನಲ್ಲಿ ಒಂಬತ್ತು ಜೇಬಿನ ಒಂದು ಚೀಲ ಹೊಲಿದೆ, ಮೇಲಿನ ಮಡಿಕೆಯಲ್ಲಿ ಆರು ಮ್ಯಾಗ್ನೆಟ್ ಇಟ್ಟು. ಒಂದೊಂದು ಜೇಬೂ ಅಳತೆ ಕೇಳಿಯೇ ಹೊಲಿದದ್ದು: ಬ್ಯಾಂಡೇಜು, ಟೇಪು, ಕೈ ಜಾರದಂತೆ ಹಚ್ಚಿಕೊಳ್ಳುವ ರೋಸಿನ್ ಪುಡಿ, ಚಾರ್ಜರ್, ಕುಂಕುಮದ ಡಬ್ಬಿ. ಈಗ ಹಡಗಿನಲ್ಲಿ ಅಂಥ ನಾಲ್ಕು ಚೀಲ ಇವೆ, ಮೂರು ಅವಳ ಗೆಳತಿಯರದು. ಈ ಸಲ ಇನ್ನೆರಡು ಒಯ್ದಿದ್ದೆ. ಮಕ್ಕಳಿಗೆ ಏನು ಕಳಿಸಲಿ ಅಂತ ಯೋಚಿಸುವವರು ಇದನ್ನು ಕಳಿಸಿ. ದುಬಾರಿ ಪೆಟ್ಟಿಗೆಗಿಂತ ಉಪಯೋಗ.

ಇನ್ನು ಶೋ. ನಾವು ಹೋಗಿದ್ದೇ ಅದಕ್ಕೆ.

ಥಿಯೇಟರ್ ಎರಡು ಅಂತಸ್ತಿನದು, ಸೀಟು ಮೆತ್ತಗೆ, ಎಸಿ ಜಾಸ್ತಿ, ಶಾಲು ಒಯ್ಯಿರಿ. ದೊಡ್ಡ ಶೋ ಮೂರನೇ ಮತ್ತು ನಾಲ್ಕನೇ ರಾತ್ರಿ. ರಾತ್ರಿಗೆ ಎರಡು ಆಟ, ಏಳೂವರೆಗೆ ಒಂದು, ಒಂಬತ್ತೂವರೆಗೆ ಒಂದು. ಎಲ್ಲರಿಗೂ ಒಂದೇ ಸಲ ಜಾಗ ಸಾಲುವುದಿಲ್ಲವಲ್ಲ. ಆಪಿನಲ್ಲಿ ಸೀಟು ಕಾದಿರಿಸಬಹುದು, ಬಿಟ್ಟಿ. ನಾವು ಮೂರನೇ ರಾತ್ರಿಯ ಮೊದಲ ಆಟಕ್ಕೆ ಕಾದಿರಿಸಿದ್ದೆವು.

ಮೂರನೇ ದಿನ ಫುಕೆಟ್. ಅಲ್ಲಿ ಹಡಗು ಪಟಾಂಗ್ ಕೊಲ್ಲಿಯಲ್ಲಿ ದೂರವೇ ಲಂಗರು ಹಾಕುತ್ತದೆ, ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಜುಲೈಯಲ್ಲಿ ಆ ಕಡೆ ಮುಂಗಾರಿನ ಅಲೆ. ದೋಣಿ ಏಳುತ್ತ ಬೀಳುತ್ತ ಇರುವುದನ್ನು ನೋಡಿ, ನಮ್ಮ ಮನೆಯವರ ಮೊಣಕಾಲು ನೆನೆದು ಇಳಿಯಲಿಲ್ಲ. ಪೆನಾಂಗಿನವರೆಗೆ ಸುಮಾತ್ರಾ ದ್ವೀಪ ಅಡ್ಡ ಇರುವುದರಿಂದ ನೀರು ಕೆರೆಯ ಹಾಗಿರುತ್ತದೆ, ಅದನ್ನು ದಾಟಿ ಮೇಲೆ ಹೋದ ಕೂಡಲೇ ಅಂಡಮಾನ್ ಸಮುದ್ರದ ಅಲೆ ಸೀದಾ ಬರುತ್ತದೆ. ಸಂಜೆ ಹಡಗು ಹೊರಟ ಮೇಲೆ ನಡೆಯುವಾಗ ಗೋಡೆ ಹಿಡಿಯಬೇಕಾಯಿತು.

ಆರೂವರೆಗೆ ಮಗಳ ಸಂದೇಶ ಬಂತು. ಧ್ವನಿಯಲ್ಲೇ ಕಳಿಸಿದ್ದಳು. "ಅವ್ವಾ, ಇವತ್ತ ನಂದು ಇಲ್ಲ. ಹಡಗ ಭಾಳ ಹೊಯ್ದಾಡಾಕತ್ತೈತಿ. ಮ್ಯಾಲೆ ಹೋದ್ರ ಬಟ್ಟಿ ಒಂದ್ ಕಡೆ ನಿಂದ್ರಂಗಿಲ್ಲ. ನೀವು ಹೋಗಿ ಬಾಕಿದ್ದು ನೋಡ್ರಿ."

ನೇತಾಡುವ ಆಟಕ್ಕೆ ಹಡಗಿನ ಅಲುಗಾಟವೇ ಶತ್ರು. ನೆಲದ ಮೇಲೆ ಕುಣಿಯುವವರು ಹೇಗೋ ಸಂಭಾಳಿಸುತ್ತಾರೆ. ಎಂಟು ಮೀಟರ್ ಮೇಲೆ ನೇತಾಡುವವರಿಗೆ ಹಡಗು ಒಂದಿಷ್ಟು ವಾಲಿದರೂ ಅದು ದೊಡ್ಡ ತೂಗಾಟ. ಪಕ್ಕದ ಕಂಬಕ್ಕೋ ದೀಪದ ಚೌಕಟ್ಟಿಗೋ ಬಡಿಯಬಹುದು. ಹಗ್ಗ, ಕೊಂಡಿ, ಮೋಟಾರ್ ನೋಡಿಕೊಳ್ಳುವ ರಿಗ್ಗರ್ ಇದ್ದಾನೆ, ಅವನು ಬೇಡ ಅಂದರೆ ಆಟ ಇಲ್ಲ. ಯಾರೂ ವಾದ ಮಾಡುವುದಿಲ್ಲ. ಇದನ್ನು ಕೇಳಿ ನಮ್ಮ ಮನೆಯವರಿಗೆ ತುಂಬ ಸಮಾಧಾನವಾಯಿತು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟು ದೂರದಿಂದ ಬಂದಿದ್ದೆವು. ಅವಳ ಆಟ ಇಲ್ಲದ ಶೋ ನೋಡಿದೆವು, ಅವಳ ಜಾಗದಲ್ಲಿ ಇಬ್ಬರು ಹಾಡುಗಾರರು ಒಂದು ಹಾಡು ಜಾಸ್ತಿ ಹಾಡಿದರು. ಚೆನ್ನಾಗಿಯೇ ಹಾಡಿದರು.

ನಾಲ್ಕನೇ ದಿನಕ್ಕೆ ನಮಗೆ ಸೀಟು ಇರಲಿಲ್ಲ. ಆಪಿನಲ್ಲಿ ಎರಡೂ ಆಟ ಭರ್ತಿ. ಕೌಂಟರಿನಲ್ಲಿ ಕೇಳಿದರೆ, ಶೋ ನಡೆದಿದೆ, ರದ್ದಾಗಿಲ್ಲ, ಬೇರೆ ಸೀಟು ಕೊಡಲಾಗದು ಅಂದರು. ಇದು ಸರಿಯಲ್ಲ ಅಂತ ಈಗಲೂ ಅನ್ನುತ್ತೇನೆ. ಶೋನ ಮುಖ್ಯ ಭಾಗ ಬಿಟ್ಟುಹೋದಾಗ ಮುಂದಿನ ದಿನ ನಿಂತು ನೋಡಲಾದರೂ ಬಿಡಬೇಕು. ಕೊನೆಗೆ ಉಡುಪಿಯ ಹುಡುಗ ದಾರಿ ಹೇಳಿದ: ಸೀಟು ಕಾದಿರಿಸಿಯೂ ಬಾರದವರು ಯಾವಾಗಲೂ ಇರುತ್ತಾರೆ, ಶೋಗೆ ಹತ್ತು ನಿಮಿಷ ಮುಂಚೆ ಬಾಗಿಲಲ್ಲಿ ನಿಂತರೆ ಖಾಲಿ ಸೀಟಿಗೆ ಬಿಡುತ್ತಾರೆ. ಏಳಕ್ಕೇ ಹೋಗಿ ನಿಂತೆವು. ಬಿಟ್ಟರು. ಮೇಲಿನ ಅಂತಸ್ತು, ನಡುವಿನ ಸಾಲು.

ಆ ರಾತ್ರಿ ಹಡಗು ಮತ್ತೆ ಮಲಾಕ್ಕಾ ಜಲಸಂಧಿಯೊಳಗೆ ಬಂದಿತ್ತು. ಲೋಟದ ನೀರು ಅಲುಗಲಿಲ್ಲ.

ಅವಳ ಆಟ ಐದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ನೀಲಿ ದೀಪ, ಎರಡು ಬಿಳಿ ಬಟ್ಟೆ. ನಡೆದು ಬಂದಳು, ಬಟ್ಟೆ ಮುಟ್ಟಿದಳು, ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹಿಡಿದಳು. ಅದು ಹಗ್ಗದ ಹಿಡಿತ. ಬೇರೆ ಏರಿಯಲಿಸ್ಟರು ಪಾದಕ್ಕೆ ಬಟ್ಟೆ ಸುತ್ತಿಕೊಂಡು ಏರುವುದನ್ನು ವಿಡಿಯೋದಲ್ಲಿ ನೋಡಿದ್ದೇನೆ. ಇವಳು ಮೊದಲ ಮೂರು ಹಿಡಿತ ಒಂಬತ್ತು ವರ್ಷದವಳಿದ್ದಾಗ ಕಲಿತ ಹಾಗೆಯೇ ಏರಿದಳು. ಪಕ್ಕದಲ್ಲಿ ಕೂತವರಿಗೆ ಅದು ಗೊತ್ತಾಗಲು ಸಾಧ್ಯವಿಲ್ಲ. ನಮ್ಮ ಮನೆಯವರು ನನ್ನ ಮೊಣಕೈ ಹಿಡಿದರು. ಮೇಲೆ ಹೋಗಿ ಸೊಂಟಕ್ಕೆ ಸುತ್ತಿಕೊಂಡು ಎರಡೂ ಕೈ ಬಿಟ್ಟಳು. ಒಂದು ಕ್ಷಣ ಹಾಗೇ ಅಡ್ಡಡ್ಡ, ಹಾಸಿಗೆ ಮೇಲೆ ಮಲಗಿದ ಹಾಗೆ. ಆಮೇಲೆ ಒಮ್ಮೆಲೇ ಉರುಳಿ ಉರುಳಿ ಕೆಳಗೆ ಬಂದಳು, ನೆಲ ಇನ್ನೊಂದು ಮಾರು ಇರುವಾಗ ನಿಂತಳು. ಜನ ಕಿರುಚಿದರು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಬಾರದು ಅಂತ ಊರಿನಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ.

ಉಡುಪಿನ ಬಗ್ಗೆ ಹೊಲಿಯುವವಳಾಗಿ ಒಂದು ಮಾತು. ಮೈಗಂಟುವ ಲೈಕ್ರಾ, ದೂರಕ್ಕೆ ಬರೀ ಮಿಂಚು ಕಾಣುತ್ತದೆ. ಮಾರನೇ ದಿನ ಮಗಳು ಫೋಟೋ ಕಳಿಸಿದಾಗ ಒಳಗಿನ ಕೆಲಸ ನೋಡಿದೆ. ಮೊಣಕಾಲ ಹಿಂದೆ, ಕಂಕುಳಲ್ಲಿ ಒಂದು ಪದರ ಜಾಸ್ತಿ ಬಟ್ಟೆ ಕೊಟ್ಟು, ಜಿಗ್‌ಜಾಗ್ ಹೊಲಿಗೆ ಹಾಕಿದ್ದಾರೆ, ಎಳೆದರೆ ದಾರ ಹರಿಯಬಾರದು ಅಂತ. ಮಣಿಗಳೆಲ್ಲ ಎದೆಯ ಮೇಲೆ ಮಾತ್ರ, ಬಟ್ಟೆ ಸುತ್ತಿಕೊಳ್ಳುವ ಜಾಗದಲ್ಲಿ ಒಂದೂ ಇಲ್ಲ. ಹೊಲಿದವರು ಯಾರೋ ಗೊತ್ತಿಲ್ಲ, ನನ್ನ ಮಗಳ ಚರ್ಮದ ಬಗ್ಗೆ ಯೋಚಿಸಿ ಹೊಲಿದಿದ್ದಾರೆ. ಶೋಗೆ ಐದಕ್ಕೆ ಐದು, ಮಗಳು ಅಂತ ಅಲ್ಲ, ಇಡೀ ತಂಡಕ್ಕೆ.

ಶೋ ಮುಗಿದ ಮೇಲೆ ಹದಿನೈದು ನಿಮಿಷ ಬಾಗಿಲ ಹತ್ತಿರ ಸಿಕ್ಕಳು. ಬೆವರು, ಮುಖದ ಮೇಲೆ ಬಣ್ಣ. ಒಂಬತ್ತೂವರೆಗೆ ಇನ್ನೊಂದು ಆಟ ಇತ್ತು. "ಅಪ್ಪಾ, ಹೆಂಗಿತ್ತು?" ಅಂದಳು. ನಮ್ಮ ಮನೆಯವರು ಮೊದಲು ಕೇಳಿದ್ದು, "ಭುಜ ನೋವೈತೇನು?" ಅಂತ. ಇಲ್ಲ ಅಂದಳು. ಆಮೇಲೆ, ಸ್ವಲ್ಪ ಐತಿ ಅಂದಳು.

ಕೆಲಸದ ಬಗ್ಗೆ ಕೇಳುವವರಿಗೆ ನಮಗೆ ಗೊತ್ತಿರುವಷ್ಟು ಹೇಳುತ್ತೇನೆ. ಮೊದಲ ಸಲ ಒಬ್ಬ ಏಜೆಂಟ್ ಕೆಲಸ ಕೊಡಿಸಲು ಒಂದೂವರೆ ಲಕ್ಷ ಕೇಳಿದ್ದ. ನಾವು ಚಿನ್ನ ಅಡ ಇಡಲು ತಯಾರಾಗಿದ್ದೆವು. ಅವಳೇ ಬೇಡ ಅಂದಳು, ಓದಿಕೊಂಡಿದ್ದಳು. ಹಡಗಿನ ಕೆಲಸಗಾರರಿಗಾಗಿ 2006ರ ಅಂತರರಾಷ್ಟ್ರೀಯ ಒಪ್ಪಂದ ಇದೆ, ಭಾರತ 2015ರಲ್ಲಿ ಒಪ್ಪಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಪಾಸ್‌ಪೋರ್ಟ್, ಸಿಡಿಸಿ ಅನ್ನುವ ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ, ಇವುಗಳ ಖರ್ಚು ನಮ್ಮದು. ವೀಸಾ ಖರ್ಚು ಕಂಪನಿಯದು. ಇಪ್ಪತ್ನಾಲ್ಕು ತಾಸಿನಲ್ಲಿ ಕನಿಷ್ಠ 10 ತಾಸು, ವಾರಕ್ಕೆ ಕನಿಷ್ಠ 77 ತಾಸು ವಿಶ್ರಾಂತಿ ಕೊಡಬೇಕು ಅಂತಲೂ ಇದೆ. ಏಜೆನ್ಸಿಗೆ ಆರ್‌ಪಿಎಸ್‌ಎಲ್, ಅಂದರೆ ಹಡಗಿನ ಕೆಲಸಕ್ಕೆ ಜನ ಕಳಿಸುವ ಲೈಸೆನ್ಸ್, ಇದೆಯೇ ಅಂತ ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನ ಪಟ್ಟಿಯಲ್ಲಿ ನೋಡಿ. ಲಕ್ಷ ಕೇಳಿದ ಕೂಡಲೇ ಎದ್ದು ಬನ್ನಿ.

ಕೊನೆಯ ದಿನ ಬೆಳಗ್ಗೆ ಇಳಿಯುವುದು ಸುಲಭ, ಏಳಕ್ಕೆ ಕೋಣೆ ಬಿಡಿ ಅಂದರು, ಒಂಬತ್ತಕ್ಕೆ ಹೊರಗಿದ್ದೆವು. ಮಗಳು ಇಳಿಯುವ ಜಾಗಕ್ಕೆ ಬರಲು ಆಗಲಿಲ್ಲ, ಬೆಳಗ್ಗೆ ಅವರಿಗೆ ಡ್ರಿಲ್ ಇತ್ತು. ಅದೇ ದಿನ ಸಂಜೆ ಬೇರೆ ಪ್ರಯಾಣಿಕರನ್ನು ತುಂಬಿಕೊಂಡು ಹಡಗು ಮತ್ತೆ ಹೊರಡುತ್ತದೆ, ಅವಳು ಮತ್ತೆ ಹಳದಿ ಜಾಕೆಟ್ ಹಾಕಿಕೊಂಡು ಕಾರ್ಡ್ ಒತ್ತಬೇಕು.

ಒಟ್ಟು ಐದರಲ್ಲಿ ನಾಲ್ಕು. ಮನೆಯವರಿಗೆ ವ್ಯವಸ್ಥೆ ಇಲ್ಲದ್ದಕ್ಕೆ ಅರ್ಧ, ಕೌಂಟರಿನ ಉತ್ತರಕ್ಕೆ ಅರ್ಧ ಕಡಿಮೆ. ಇನ್ನೊಮ್ಮೆ ಖಂಡಿತ ಹೋಗುತ್ತೇವೆ, ಫೆಬ್ರುವರಿಯಲ್ಲಿ, ಆ ಕಡೆ ಸಮುದ್ರ ಶಾಂತವಾಗಿರುವಾಗ. ಬಾಲ್ಕನಿ ಬೇಡ, ಒಳಕೋಣೆ ಸಾಕು. ಉಳಿದ ದುಡ್ಡಿಗೆ ಎರಡನೇ ಫೋನಿಗೂ ವೈಫೈ ಹಾಕಿಸಿ. ಸೀಟು ಎರಡೂ ರಾತ್ರಿಗೆ ಕಾದಿರಿಸಿ, ಒಂದು ಬೇಡವಾದರೆ ಬಿಟ್ಟುಕೊಡಿ. ನೇತಾಡುವ ಆಟ ನೋಡಲು ಮುಂದಿನ ಸಾಲಿಗೆ ಹೋಗಬೇಡಿ, ಕುತ್ತಿಗೆ ನೋಯುತ್ತದೆ, ದೀಪ ಕಣ್ಣಿಗೆ ಹೊಡೆಯುತ್ತದೆ. ಮೇಲಿನ ಅಂತಸ್ತಿನ ನಡುವೆ ಕೂತರೆ ಅವರು ಮೇಲೇರಿ ನಿಂತಾಗ ಮುಖ ಸರಿಯಾಗಿ ನಿಮ್ಮ ಎದುರಿಗೆ ಬರುತ್ತದೆ.